ದೇವರಿಗೆ ಎರಡನೆಯ ಲೋಟ

ಈ ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಎರಡು ತಿಂಗಳು ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ. ಅದಕ್ಕೇ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಕಿರಂಗೂರಿನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಛತ್ರವಿದೆ. ಹೋದ ವರ್ಷ ಕಾರ್ತೀಕ ಮುಗಿದ ಮೇಲೆ ಪಾಂಡವಪುರದ ಕಡೆಯ ಯೋಗದ ಮೇಷ್ಟ್ರೊಬ್ಬರು ಅಲ್ಲಿ ನಲವತ್ತೆಂಟು ದಿನದ ಹಸಿ ಆಹಾರದ ಶಿಬಿರ ಇಟ್ಟರು. ಬೆಳಿಗ್ಗೆ ಯೋಗ, ಆಮೇಲೆ ಒಂದು ದೊಡ್ಡ ಲೋಟ ಹಸಿರು ಸ್ಮೂದಿ, ಮಧ್ಯಾಹ್ನ ಮೊಳಕೆ ಕಾಳು, ಕೋಸಂಬರಿ, ಹಸಿ ತರಕಾರಿ. ಬೇಯಿಸಿದ್ದು ರಾತ್ರಿ ಒಂದು ಹೊತ್ತು ಮಾತ್ರ, ಅದೂ ಅವರವರ ಮನೆಯಲ್ಲಿ. ಸೇರಿದವರು ಮೂವತ್ತಾರು ಜನ. ಬೆಳಗಿನ ಲೋಟದ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಸಂಘದ ಹೆಂಗಸರು, ಸೊಪ್ಪು ತೊಳೆಯುವುದರಲ್ಲಿ ಇವಳಷ್ಟು ಕಟ್ಟುನಿಟ್ಟು ಯಾರೂ ಇಲ್ಲ ಅಂತ ನನ್ನ ಹೆಸರು ಹೇಳಿದ್ದರಂತೆ. ಹೊಗಳಿದರೋ ಆಡಿಕೊಂಡರೋ ಗೊತ್ತಿಲ್ಲ, ಒಪ್ಪಿಕೊಂಡೆ.

ಸ್ಮೂದಿ ಅಂದರೆ ದೊಡ್ಡ ವಿದ್ಯೆ ಏನಲ್ಲ. ಸೋಸಿದರೆ ಜ್ಯೂಸು, ಸೋಸದೆ ನಾರು ಸಮೇತ ಕುಡಿದರೆ ಸ್ಮೂದಿ. ಆದರೆ ಮೂವತ್ತಾರು ಲೋಟ ಒಂದೇ ಹೊತ್ತಿಗೆ ಆಗಬೇಕು, ಆದ ಕಾಲು ಗಂಟೆಯೊಳಗೆ ಹೊಟ್ಟೆಗೆ ಹೋಗಬೇಕು, ಇಲ್ಲದಿದ್ದರೆ ಬಣ್ಣ ಕಪ್ಪಿಡುತ್ತದೆ. ಬೆಳಗೊಳದಿಂದ ಸೊಪ್ಪಿನವಳು ಮೊದಲ ಬಸ್ಸಿಗೆ ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ತರುತ್ತಿದ್ದಳು. ಒಂದೆಲಗ, ಪುದೀನ, ಕೊತ್ತಂಬರಿ, ಕರಿಬೇವು ದಿನವೂ. ಪಾಲಕ್ ವಾರಕ್ಕೆ ಎರಡೇ ದಿನ, ದಿನಾ ಹಸಿಯದು ತಿಂದರೆ ಕೆಲವರಿಗೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ ಅಂತ ಆಸ್ಪತ್ರೆಯ ನರ್ಸಮ್ಮ ಹೇಳಿದ್ದಳು. ನನ್ನ ಅತ್ತೆ ಗೋಡೆಗೆ ಒರಗಿ ಕೂತು ಸೊಪ್ಪು ಬಿಡಿಸಿಕೊಡುತ್ತಿದ್ದರು. ಮೊದಲ ಟಬ್ಬಿನಲ್ಲಿ ಮಣ್ಣು ಹೋಗಬೇಕು. ಎರಡನೆಯದರಲ್ಲಿ ಉಪ್ಪು, ಅರಿಸಿನ ಹಾಕಿದ ನೀರು, ಕಾಲು ಗಂಟೆ ನೆನೆಯಬೇಕು. ಮೂರು ಮತ್ತು ನಾಲ್ಕು, ಕಾಯಿಸಿ ಆರಿಸಿದ ನೀರು. ಕಾಲುವೆ ಪಕ್ಕದ ಸೊಪ್ಪು ಅದು. ಬೇಯಿಸುವ ಸೊಪ್ಪನ್ನು ಬೆಂಕಿ ನೋಡಿಕೊಳ್ಳುತ್ತದೆ, ಹಸಿ ಸೊಪ್ಪನ್ನು ನನ್ನ ಕೈಯೇ ನೋಡಿಕೊಳ್ಳಬೇಕು. ಆಮೇಲೆ ಮಿಕ್ಸಿ. ತಳಕ್ಕೆ ತಣ್ಣೀರು, ಅದರ ಮೇಲೆ ಸೌತೆಕಾಯಿ, ಶುಂಠಿ, ಬೀಜ ತೆಗೆದ ನೆಲ್ಲಿಕಾಯಿ, ಕೊನೆಗೆ ಎಲೆ. ಅರ್ಧ ನಿಮಿಷ ತಿರುಗಿಸಿ ನಿಲ್ಲಿಸಬೇಕು, ಜಾರ್ ಮುಟ್ಟಿ ನೋಡಬೇಕು. ಬೆಚ್ಚಗಾಗಿದ್ದರೆ ಕಾಯಬೇಕು. ಸಿಹಿ ಅಂತ ಏನನ್ನೂ ಹಾಕುತ್ತಿರಲಿಲ್ಲ.

ಮೊದಲ ಲೋಟ ಛತ್ರದ ಅಡುಗೆಮನೆಯ ಗೂಡಿನಲ್ಲಿದ್ದ ರಂಗನಾಥಸ್ವಾಮಿಯ ಪಟದ ಮುಂದೆ, ಒಂದು ದಳ ತುಳಸಿ ಹಾಕಿ. ಅಲ್ಲಿಯವರೆಗೆ ಒಂದು ಹನಿಯನ್ನೂ ನಾಲಿಗೆಗೆ ತಾಕಿಸುವಂತಿಲ್ಲ. ಇದು ನಾನು ಮದುವೆಯಾಗಿ ಬಂದ ದಿನದಿಂದ ಅತ್ತೆ ಕಲಿಸಿದ ಪಾಠ. ಎಷ್ಟು ಉಪ್ಪು, ಎಷ್ಟು ಹುಳಿ ಅನ್ನುವುದನ್ನು ಕಣ್ಣು, ಮೂಗು ಹೇಳಬೇಕು, ನಾಲಿಗೆ ಅಲ್ಲ. ಬಡಿಸುವ ಗಡಿಬಿಡಿಯಲ್ಲಿ ದೇವರ ಲೋಟ ಎಷ್ಟೋ ದಿನ ಮಧ್ಯಾಹ್ನದವರೆಗೆ ಅಲ್ಲೇ ಇರುತ್ತಿತ್ತು. ಕೊನೆಗೆ ನಾನು, ಅತ್ತೆ ಪ್ರಸಾದ ಅಂತ ಹಂಚಿಕೊಂಡು ಕುಡಿಯುತ್ತಿದ್ದೆವು.

ಬಂದವರಲ್ಲಿ ಪಟ್ಟಣದ ಕೋಟೆಯೊಳಗಿನ ಒಬ್ಬ ದರ್ಜಿ ಹೆಂಗಸಿದ್ದಳು. ಮುಸಲ್ಮಾನರವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಪಟ್ಟಣದ ಅರ್ಧ ಹೆಂಗಸರ ರವಿಕೆಯ ಅಳತೆ ಅವಳ ನೋಟುಪುಸ್ತಕದಲ್ಲಿದೆ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಬಲಗಾಲಿನ ಕಿರುಬೆರಳಲ್ಲಿ ಒಂದು ಹುಣ್ಣು, ನಾಲ್ಕು ತಿಂಗಳಾದರೂ ಮಾಗಿರಲಿಲ್ಲ. ಸಕ್ಕರೆ ಇಳಿದರೆ ಹುಣ್ಣು ಒಣಗುತ್ತದೆ, ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಮಾತ್ರೆ ಬಿಡಬೇಡ, ಸೊಪ್ಪು, ಹಸಿ ತರಕಾರಿ ಎಷ್ಟು ಬೇಕಾದರೂ ತಿನ್ನು, ಸಿಹಿ ಮಾತ್ರ ಮುಟ್ಟಬೇಡ ಅಂದಿದ್ದರಂತೆ. ಅದನ್ನು ನಂಬಿ ಅವಳು ದಿನಾ ಆಟೋ ಹಿಡಿದು ಕಿರಂಗೂರಿಗೆ ಬರುತ್ತಿದ್ದಳು.

ಮೊದಲ ದಿನವೇ ಅಡುಗೆಮನೆ ಬಾಗಿಲಿಗೆ ಬಂದು ಪಟ್ಟಿ ಸುತ್ತಿದ ಕಾಲು ತೋರಿಸಿದಳು.

"ಬೆರಳೋದ್ರೆ ಹೋಗ್ಲಿ ಅಂತಾರಕ್ಕ ಎಲ್ರೂವೆ. ನಾನು ಮಿಷನ್ ತುಳಿಯೋದೇ ಈ ಕಾಲಲ್ಲಿ. ಮನೆ ನಡೆಯೋದೂ ಇದ್ರಲ್ಲೇಯ."

"ಕುಡೀವಂತೆ ಇರು," ಅಂದೆ. "ಸೊಪ್ಪಿನ ಜವಾಬ್ದಾರಿ ನಂದು."

ಜವಾಬ್ದಾರಿ ನಂದು ಅಂತ ನಾನೇ ಅಂದಿದ್ದೆ. ಅದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ.

ಸಂಜೆ ದೀಪ ಹಚ್ಚುವಾಗ ಆ ದಿನ ದೇವರು ಕೊಟ್ಟ ಸಣ್ಣ ಸಣ್ಣ ಉಪಕಾರಗಳನ್ನು ಎಣಿಸುವುದು ನನ್ನ ಅಭ್ಯಾಸ. ಕರೆಂಟು ಹೋಗಲಿಲ್ಲ, ಒಂದು. ಬಸ್ಸು ತಪ್ಪಲಿಲ್ಲ, ಎರಡು. ಅತ್ತೆಯ ಮಂಡಿ ನೋಯಲಿಲ್ಲ, ಮೂರು. ಶಿಬಿರದ ಎರಡನೆಯ ವಾರದಿಂದ ಈ ಎಣಿಕೆಯಲ್ಲಿ ಕಿರುಬೆರಳೂ ಸೇರಿತು. ಅವಳು ಪ್ರತಿ ಸೋಮವಾರ ಮೆಡಿಕಲ್ ಶಾಪಿನಲ್ಲಿ ಸಕ್ಕರೆ ನೋಡಿಸುತ್ತಿದ್ದಳು. ಎರಡು ಸೋಮವಾರವೂ ಇಳಿದಿತ್ತು. ಹುಣ್ಣಿನ ಅಂಚು ಒಣಗಿ ಹಕ್ಕಳೆ ಕಟ್ಟಿತ್ತು.

ಹತ್ತೊಂಬತ್ತನೆಯ ದಿನ ಸೌತೆಕಾಯಿ ಕೈಕೊಟ್ಟಿತು. ತುದಿ ಕೊಯ್ದು ನೊರೆ ಬರುವವರೆಗೂ ಉಜ್ಜಿ ಕಹಿ ತೆಗೆದೇ ಹಾಕಿದ್ದೆ. ಆದರೂ ಅವುಗಳಲ್ಲಿ ಒಂದೆರಡು ಹಾಲಾಹಲ ಕಹಿ. ಒಂದು ಚೂರು ಬಾಯಿಗೆ ಹಾಕಿಕೊಂಡಿದ್ದರೆ ಗೊತ್ತಾಗಿಬಿಡುತ್ತಿತ್ತು, ದೇವರಿಗಿಡುವ ಮುಂಚೆ ನಾನು ಹಾಕಿಕೊಳ್ಳುವವಳಲ್ಲ. ಮೂವತ್ತಾರು ಜನ ಒಂದೊಂದು ಗುಟುಕು ಕುಡಿದು ಮುಖ ಕಿವುಚಿದರು. ಕೆಲವರು ಕಿಟಕಿಯಿಂದ ಆಚೆ ಉಗಿದರು. ದರ್ಜಿ ಮಾತ್ರ ಕಣ್ಣು ಮುಚ್ಚಿಕೊಂಡು ಪೂರ್ತಿ ಕುಡಿಯಲು ಹೊರಟಿದ್ದಳು, ನಾನೇ ಕಿತ್ತುಕೊಂಡು ಚೆಲ್ಲಿದೆ. ಅಷ್ಟು ಕಹಿ ಸೌತೆ ಹೊಟ್ಟೆಗೆ ಒಳ್ಳೆಯದಲ್ಲ.

ಎರಡು ದಿನ ಬಿಟ್ಟು ಮೇಷ್ಟ್ರು ಕಾರಿನ ಡಿಕ್ಕಿಯಿಂದ ಡಬ್ಬಿಗಳನ್ನು ಇಳಿಸಿದರು. ಹಸಿರು ಬಣ್ಣದ ಡಬ್ಬಿ, ಮೇಲೆ ಎಲೆಯ ಚಿತ್ರ. ಒಳಗೆ ಹಸಿರು ಪುಡಿ. ಸೊಪ್ಪನ್ನು ಒಲೆಗೇ ತೋರಿಸದೆ ತಣ್ಣಗೆ ಒಣಗಿಸಿದ್ದು, ಹಾಗಾಗಿ ಇದೂ ಹಸಿ ಆಹಾರವೇ, ಒಂದು ಚಮಚದಲ್ಲಿ ಒಂದು ಕಟ್ಟು ಸೊಪ್ಪಿನ ಸತ್ವ ಇದೆ ಅಂತ ಎಲ್ಲರಿಗೂ ಭಾಷಣ ಮಾಡಿದರು. ಆಮೇಲೆ ಅಡುಗೆಮನೆಗೆ ಬಂದು ನನಗೆ ಬೇರೆ ಹೇಳಿದರು.

"ನಿಮಗೂ ಶ್ರಮ ತಪ್ಪುತ್ತೆ ಅಮ್ಮಾ. ನೀರಿಗೆ ಎರಡು ಚಮಚ ಹಾಕಿ ಕಲಕಿದರೆ ಆಯ್ತು. ರುಚಿಯೂ ದಿನಾ ಒಂದೇ ಥರ ಇರುತ್ತೆ."

ಆ ಕೊನೆಯ ಮಾತು ನನಗೆ ನಾಟಿತು. ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ, ಸೌತೆಕಾಯಿಯ ತಪ್ಪಿಗೆ ತಲೆ ತಗ್ಗಿಸಿ ಕೂತೆ. ಆದರೆ ಒಳಗೇ ಹಟ ಹಿಡಿದೆ. ಯಾರು ಒಣಗಿಸಿದ್ದೋ, ಎಲ್ಲಿ ಕುಟ್ಟಿದ್ದೋ, ಈ ಡಬ್ಬಿಯ ಪುಡಿಯನ್ನು ನನ್ನ ರಂಗನಾಥನ ಮುಂದೆ ಇಡುವುದಿಲ್ಲ ಅಂದುಕೊಂಡೆ. ಇಡಲಿಲ್ಲ. ದೇವರಿಗೆ ಇಡದೆ ಇದ್ದದ್ದನ್ನು ನಾನೂ ಕುಡಿಯಲಿಲ್ಲ. ಒಂದು ಚಮಚವನ್ನೂ. ಹಟದ ಹೆಸರಲ್ಲಿ ಕಣ್ಣು ಮುಚ್ಚಿಕೊಂಡೆ ಅಂತ ಆವಾಗ ತಿಳಿಯಲಿಲ್ಲ.

ಜನಕ್ಕೆ ಪುಡಿ ಬಹಳ ಇಷ್ಟವಾಯಿತು. ಮುಖ ಕಿವುಚದೆ ಕುಡಿದರು, ಇನ್ನೊಂದು ಅರ್ಧ ಲೋಟ ಕೇಳಿದರು. ಮೂರನೆಯ ದಿನ ದರ್ಜಿಯೇ ಲೋಟ ವಾಪಸ್ ಕೊಡುತ್ತಾ ಅಂದಳು.

"ಈಗ ಪರವಾಗಿಲ್ಲ ಕಣಕ್ಕ, ಬಾಯಿಗೆ ಇತವಾಗಿ ಅದೆ. ಸೀ ಸೀ ಅಂತದೆ."

"ನನ್ನ ಕೈದು ಕಹಿಯಿತ್ತಲ್ಲ, ಈಗ್ಲಾದ್ರೂ ಸೀ ಕುಡಿ," ಅಂದುಬಿಟ್ಟೆ.

ಪಾಪ, ಅವಳು ಪೆಚ್ಚಾಗಿ ಹೋದಳು. ಸೊಪ್ಪಿನ ಪುಡಿ ಯಾಕೆ ಸಿಹಿ ಇರಬೇಕು ಅಂತ ಆ ಕ್ಷಣ ನನಗೆ ಹೊಳೆಯಬೇಕಿತ್ತು. ಮೂವತ್ತು ವರ್ಷ ಸೊಪ್ಪು ಸೋಸಿದ ಹೆಂಗಸು ನಾನು. ಯಾವ ಸೊಪ್ಪು ಸಿಹಿ ಇರುತ್ತದೆ? ಹೊಳೆಯಲಿಲ್ಲ. ನನ್ನ ಸೌತೆಕಾಯಿಯನ್ನು ಇವಳೂ ಆಡಿಕೊಂಡಳು ಅನ್ನುವುದೊಂದೇ ತಲೆಯಲ್ಲಿತ್ತು.

ಮುಂದಿನ ಸೋಮವಾರ ಅವಳ ಸಕ್ಕರೆ ಏರಿತು. ಅದರ ಮುಂದಿನ ಸೋಮವಾರ ಇನ್ನೂರರ ಮೇಲೆ ಹೋಯಿತು. ಒಣಗಿದ್ದ ಹುಣ್ಣು ಮತ್ತೆ ಒದ್ದೆಯಾಯಿತು. ಅವಳು ಹೆದರಿ ಮೇಷ್ಟ್ರನ್ನು ಕೇಳಿದಾಗ ನಾನು ಪಕ್ಕದಲ್ಲೇ ಲೋಟ ಜೋಡಿಸುತ್ತಿದ್ದೆ. ಒಳಗೆ ಸೇರಿಕೊಂಡಿರುವ ವಿಷ ಹೊರಗೆ ಬರುವಾಗ ಮೊದಲು ಏರಿ ಆಮೇಲೆ ಇಳಿಯುತ್ತದೆ, ಇದು ಒಳ್ಳೆಯ ಲಕ್ಷಣ, ಈಗ ಡಾಕ್ಟರ ಹತ್ತಿರ ಹೋದರೆ ಮಾತ್ರೆ ಜಾಸ್ತಿ ಮಾಡಿ ಎಲ್ಲಾ ಕೆಡಿಸುತ್ತಾರೆ ಅಂದರು. ಅವಳು ನಂಬಿದಳು. ನಾನೂ ನಂಬಿದೆ. ಆ ಸಂಜೆ ದೀಪದ ಮುಂದೆ ಕೂತು, ವಿಷ ಹೊರಗೆ ಹೋಗುತ್ತಿದೆಯಲ್ಲಾ ತಂದೆ ಅಂತ ಕೈಮುಗಿದದ್ದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮೂವತ್ತಮೂರನೆಯ ದಿನ ಶೀಳನೆರೆಯಲ್ಲಿ ನನ್ನ ತಂಗಿಯ ಮೊಮ್ಮಗುವಿನ ನಾಮಕರಣವಿತ್ತು. ಅವತ್ತು ಪುಡಿ ಕಲಕುವ ಕೆಲಸವನ್ನು ಅತ್ತೆಗೆ ಒಪ್ಪಿಸಿ ಹೋದೆ. ಸೊಪ್ಪು ಬಿಡಿಸುವ ಕೆಲಸ ನಿಂತ ಮೇಲೆ ಅತ್ತೆ ಛತ್ರಕ್ಕೆ ಬರುತ್ತಿರಲಿಲ್ಲ, ನನ್ನ ಹಟದ ವಿಷಯ ಅವರಿಗೆ ಗೊತ್ತಿರಲಿಲ್ಲ, ನಾನು ಯಾರಿಗೂ ಹೇಳಿರಲಿಲ್ಲ. ಅವರು ಕೈಯ ಅಭ್ಯಾಸದಂತೆ ಮೊದಲ ಲೋಟವನ್ನು ಪಟದ ಮುಂದೆ ಇಟ್ಟು, ತುಳಸಿ ಹಾಕಿ, ಆಮೇಲೆ ಮರೆತು ಮನೆಗೆ ಹೋಗಿದ್ದರು.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಕಿಟಕಿಯ ಸಂದಿಯಿಂದ ಗೂಡಿನವರೆಗೆ ಇರುವೆಯ ಸಾಲು. ಲೋಟದ ಅಂಚು ಕಾಣದಷ್ಟು ಇರುವೆ. ಒಳಗೆ ಬಿದ್ದು ಸತ್ತವು ಹಸಿರು ನೀರಿನ ಮೇಲೆ ಕೆನೆ ಕಟ್ಟಿದ್ದವು.

ಅತ್ತೆ ಹಿಂದಿನಿಂದ ಇಣುಕಿ ನೋಡಿದರು.

"ಇದೇನವ್ವ, ಸೊಪ್ಪಿನ ನೀರ್ಗೆ ಇರ್ವೆ ಬಂದವೆ? ಆ ಪುಡೀಗೆ ಬೆಲ್ಲ ಗಿಲ್ಲ ಬೆರ್ಸವ್ರಾ?"

ನನ್ನ ಹಸಿ ಸೊಪ್ಪಿನ ಲೋಟ ಅದೇ ಗೂಡಿನಲ್ಲಿ ಎಷ್ಟು ದಿನ ಇತ್ತು. ಒಂದು ಇರುವೆ ಅತ್ತ ಸುಳಿದಿರಲಿಲ್ಲ. ಡಬ್ಬಿ ತೆಗೆದು ಚಿಟಿಕೆ ಪುಡಿಯನ್ನು ಮೊದಲ ಸಲ ನಾಲಿಗೆಯ ಮೇಲೆ ಹಾಕಿಕೊಂಡೆ. ಮೊದಲು ಸಿಹಿ ಬಂತು. ಆಮೇಲೆ ಒಂಚೂರು ಹುಲ್ಲಿನ ವಾಸನೆ.

ಅವತ್ತು ಯಾರಿಗೂ ಲೋಟ ಕೊಡಲಿಲ್ಲ. ಮಿಕ್ಸಿ ಕೆಟ್ಟಿದೆ ಅಂತ ಅತ್ತೆಯ ಕೈಲಿ ಹೇಳಿಸಿ, ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಪಟ್ಟಣದ ಬಸ್ಸು ಹತ್ತಿದೆ. ಪುಡಿ ಕಲಕಲು ಮಿಕ್ಸಿ ಯಾಕೆ ಅಂತ ಕೇಳುವಷ್ಟು ಯಾರೂ ಅಡುಗೆಮನೆ ಕಡೆ ತಲೆ ಹಾಕುತ್ತಿರಲಿಲ್ಲ. ಮೆಡಿಕಲ್ ಶಾಪಿನವನು ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಕನ್ನಡಕ ಏರಿಸಿ ಓದಿದ. ಯಾವುದು ಹೆಚ್ಚಿದೆಯೋ ಅದನ್ನು ಮೊದಲು ಬರೆಯುತ್ತಾರೆ ಅಂತ ವಿವರಿಸಿದ. ಎಲೆಗಳ ಹೆಸರು ಮೂರನೆಯದರಿಂದ ಶುರುವಾಗುತ್ತಿತ್ತು. ಮೊದಲನೆಯ ಹೆಸರಿನ ಮೇಲೆ ಬೆರಳಿಟ್ಟ.

"ಡೆಕ್ಸ್‌ಟ್ರೋಸ್ ಅಂದ್ರೆ ಗ್ಲೂಕೋಸೇ ಕಣಕ್ಕ. ಬಿಸ್ಲಲ್ಲಿ ಸುಸ್ತಾದೋರ್ಗೆ ನೀರ್ಗಾಕಿ ಕೊಡ್ತೀವಲ್ಲ, ಅದೇಯ. ಸಕ್ಕರೆಗಿಂತ ಬಿರ್ನೆ ರಕ್ತುಕ್ಕೆ ಸೇರ್ತದೆ. ಯಾರಿಗ್ ಕೊಡ್ತಿದ್ದೀರಿ ಇದ?"

ಡಬ್ಬಿಯನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು ಹೊರಟೆ.

ಕೋಟೆಯೊಳಗೆ ದರ್ಜಿಯ ಮನೆಗೆ ನಡೆದೇ ಹೋದೆ. ಕಾಲು ನೋವೆಂದು ಅವತ್ತು ಶಿಬಿರಕ್ಕೆ ಬಾರದಿದ್ದ ಅವಳು ಮಿಷನ್ನಿನ ಮುಂದೆ ಕೂತು ಬಲಗಾಲನ್ನು ಸ್ಟೂಲಿನ ಮೇಲಿಟ್ಟು ಎಡಗಾಲಲ್ಲಿ ತುಳಿಯುತ್ತಿದ್ದಳು. ಡಬ್ಬಿ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಮೇಷ್ಟ್ರದ್ದನ್ನು ಆಮೇಲೆ, ನನ್ನದನ್ನು ಮೊದಲು. ನೀನು ಸೀ ಅಂದಾಗ ನನಗೆ ಸಿಟ್ಟು ಬಂತು, ಕುಡಿದು ನೋಡಲಿಲ್ಲ, ಕೇಳಲೂ ಇಲ್ಲ ಅಂದೆ. ಅವಳು ಹೊಲಿಗೆಯ ಬಟ್ಟೆಯನ್ನು ಪಕ್ಕಕ್ಕಿಟ್ಟಳು.

"ನಾನು ಕುಡ್ದೆನಲ್ಲಕ್ಕ. ಎಂಟೊರ್ಸದಿಂದ ಸಿಹಿ ಮುಟ್ಟಿಲ್ಲ. ನಾಲ್ಗೆಗೆ ಗೊತ್ತಾಯ್ತು, ಮನ್ಸು ಬ್ಯಾಡ ಅನ್ನಲಿಲ್ಲ." ಆಮೇಲೆ ಪಟ್ಟಿ ಬಿಚ್ಚಿ ಕಾಲು ಮುಂದೆ ಚಾಚಿದಳು. "ನೋಡು."

ಬೆರಳಿನ ತುದಿ ಕಪ್ಪಗಾಗಿತ್ತು. ಅವಳ ಗಂಡ ಅಂಗಡಿಯಿಂದ ಬಂದ, ಅದೇ ಮಧ್ಯಾಹ್ನ ಅವಳನ್ನು ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದ.

ನಾನು ಛತ್ರಕ್ಕೆ ವಾಪಸ್ ಬಂದಾಗ ಮೇಷ್ಟ್ರು ಮೊಳಕೆ ಕಾಳಿನ ಲೆಕ್ಕ ನೋಡುತ್ತಿದ್ದರು. ಡಬ್ಬಿಯನ್ನು ಅವರ ಮುಂದಿನ ಮೇಜಿನ ಮೇಲಿಟ್ಟು, ಮೊದಲ ಹೆಸರು ಏನು ಓದಿ ಅಂದೆ. ಅವರು ಓದಲಿಲ್ಲ. ಓದುವ ಅಗತ್ಯ ಅವರಿಗಿರಲಿಲ್ಲ.

"ಶುಗರ್ ಇರೋರಿಗೆ ಬೇರೆ ಡಬ್ಬಿ ಬರುತ್ತೆ ಅಮ್ಮಾ. ಯಾರಾದರೂ ಕೇಳಿದ್ದರೆ ತರಿಸಿಕೊಡ್ತಿದ್ದೆ. ಯಾರೂ ಕೇಳಲಿಲ್ಲ."

ನಾನು ಆ ತನಕ, ಅವರಿಗೂ ಗೊತ್ತಿಲ್ಲವೇನೋ, ನನ್ನ ಹಾಗೆ ಅವರೂ ಡಬ್ಬಿಯ ಮೇಲಿನ ಎಲೆಯ ಚಿತ್ರ ನೋಡಿ ಮೋಸ ಹೋದರೇನೋ ಅಂತ ಒಂದು ಎಳೆ ನಂಬಿಕೆ ಇಟ್ಟುಕೊಂಡಿದ್ದೆ. ಗೊತ್ತಿತ್ತು. ಗೊತ್ತಿದ್ದೂ ಅವಳ ಮುಖ ನೋಡಿ ವಿಷ ಹೊರಗೆ ಬರುತ್ತಿದೆ ಅಂದಿದ್ದರು.

"ಅವ್ಳು ಕಾಲ್ ತೋರಿಸ್ಕಂಡು ನಿಮ್ಮುನ್ನ ಕೇಳ್ಲಿಲ್ವ?" ಅಂದೆ. "ಇನ್ನೆಂಗ್ ಕೇಳ್ಬೇಕಿತ್ತು ಮೇಷ್ಟ್ರೇ?"

ಅವರು ದನಿ ತಗ್ಗಿಸಿದರು. ಶಿಬಿರ ಮುಗಿಯಲು ಇನ್ನು ಎರಡೇ ವಾರ, ಈಗ ಗಲಾಟೆಯಾದರೆ ನನ್ನ ಹೆಸರೂ ಕೆಡುತ್ತದೆ, ಕಲಕಿ ಕೊಟ್ಟದ್ದು ನನ್ನ ಕೈ ತಾನೇ ಅಂದರು. ಸಕ್ಕರೆ ಕಾಯಿಲೆ ಇರುವ ನಾಲ್ಕೈದು ಜನಕ್ಕೆ ನಾಳೆಯಿಂದ ಗುಟ್ಟಾಗಿ ಹಸಿ ಸೊಪ್ಪು ಮಾಡಿಕೊಡಿ, ಉಳಿದವರಿಗೆ ಪುಡಿಯೇ ಇರಲಿ, ಸಲೀಸಾಗಿ ಮುಗಿಸಿಬಿಡೋಣ ಅಂದರು. ನನ್ನ ಕೈ ಅಂದದ್ದು ಸುಳ್ಳಾಗಿರಲಿಲ್ಲ. ಅದಕ್ಕೇ ಹೆಚ್ಚು ಉರಿಯಿತು. ಒಂದು ಗಳಿಗೆ, ನಿಜ ಹೇಳುತ್ತೇನೆ, ಹಾಗೇ ಮಾಡಿಬಿಡಲೇ ಅಂತಲೂ ಅನ್ನಿಸಿತು. ಊರಿನಲ್ಲಿ ಬಾಳಬೇಕಾದವಳು ನಾನು.

ಮಾರನೆಯ ಬೆಳಿಗ್ಗೆ ಯೋಗ ಮುಗಿಸಿ ಎಲ್ಲರೂ ಸಾಲಾಗಿ ಕೂತಾಗ ಖಾಲಿ ಕೈಯಲ್ಲಿ ಹೊರಗೆ ಬಂದೆ. ಡಬ್ಬಿಯಲ್ಲಿ ಇರುವುದೇನು, ಯಾರ ಕಾಲಿಗೆ ಏನಾಗಿದೆ, ಹನ್ನೆರಡು ದಿನ ಕಲಕಿ ಕೊಟ್ಟ ಕೈ ಯಾವುದು, ಮೂರನ್ನೂ ಹೇಳಿದೆ. ಸಕ್ಕರೆ ಇರುವವರು ಇವತ್ತೇ ಹೋಗಿ ಪರೀಕ್ಷೆ ಮಾಡಿಸಿ ಅಂದೆ. ನಾಳೆಯಿಂದ ನಮ್ಮ ಮನೆ ಜಗಲಿಯಲ್ಲಿ ಹಸಿ ಸೊಪ್ಪು ಅರೆಯುತ್ತೇನೆ, ಬೇಕಾದವರು ಲೋಟ ತನ್ನಿ ಅಂದೆ. ಮೇಷ್ಟ್ರು ನಡುವೆ ಎದ್ದು, ಅಮ್ಮನಿಗೆ ಪುಡಿ ಬಂದದ್ದು ಇಷ್ಟವಿರಲಿಲ್ಲ ಪಾಪ, ಅಂತ ನಗುತ್ತಾ ಹೇಳಿದರು. ಕೆಲವರು ನಕ್ಕರು.

ಮಾರನೆಯ ದಿನ ಜಗಲಿಗೆ ಏಳು ಜನ ಬಂದರು. ಉಳಿದವರು ಛತ್ರದಲ್ಲೇ ಉಳಿದರು. ಸಕ್ಕರೆ ಕಾಯಿಲೆ ಇರುವ ಒಬ್ಬರು, ನಿವೃತ್ತ ನೌಕರರು, ದಾರಿಯಲ್ಲಿ ಸಿಕ್ಕಿ, ಒಂದು ಚಮಚದಲ್ಲಿ ಏನಾಗ್ಬುಡ್ತದೆ ಬುಡವ್ವ ಅಂದರು. ಶಿಬಿರ ನಲವತ್ತೆಂಟು ದಿನ ಪೂರೈಸಿತು. ಕೊನೆಯ ದಿನ ಫೋಟೋ ಹಿಡಿಸಿಕೊಂಡರು, ಮುಂದೆ ಡಬ್ಬಿ ಜೋಡಿಸಿಕೊಂಡು.

ಕಿರುಬೆರಳನ್ನು ತೆಗೆದರು. ಮಂಡ್ಯದ ಡಾಕ್ಟರಮ್ಮನನ್ನು ನಾನೇ ಕೇಳಿದೆ, ಪುಡಿಯಿಂದಲೇ ಹೋಯಿತೇ ಅಂತ. ಹಾಗೆ ಹೇಳಲು ಬರುವುದಿಲ್ಲ, ಹುಣ್ಣು ಹಳೆಯದು, ಆದರೆ ಆ ಎರಡು ವಾರ ಸಕ್ಕರೆ ಏರದೆ ಇದ್ದಿದ್ದರೆ, ಏರಿದ ಕೂಡಲೇ ಬಂದಿದ್ದರೆ, ಉಳಿಸಲು ನಮಗೆ ಸಮಯ ಸಿಗುತ್ತಿತ್ತು ಅಂದರು. ಸಮಯ. ಅದು ನನ್ನ ಕೈಯಲ್ಲಿತ್ತು, ಹಸಿರು ನೀರಿನಲ್ಲಿ ಕಲಕಿ ಕೊಟ್ಟೆ.

ಪಾದ ಉಳಿಯಿತು. ಗಾಯ ಮಾಗಿದೆ. ಈಗ ದಿನ ಬಿಟ್ಟು ದಿನ ಸೊಪ್ಪು ಅರೆದು, ತಣ್ಣನೆಯ ಫ್ಲಾಸ್ಕಿನಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಅವಳ ಮನೆಗೆ ಹೋಗುತ್ತೇನೆ. ಕಾಲು ಗಂಟೆಯ ನಿಯಮ ಸ್ವಲ್ಪ ಮೀರುತ್ತದೆ, ಬಣ್ಣ ಒಂಚೂರು ಕಪ್ಪಿಡುತ್ತದೆ. ಮೊನ್ನೆ ಅವಳು ಬಲಗಾಲನ್ನೇ ಮಿಷನ್ನಿನ ಮೇಲಿಟ್ಟು ನಿಧಾನವಾಗಿ ತುಳಿದು ತೋರಿಸಿದಳು.

"ಒಂಬತ್ತು ಉಳಿಸವ್ನಲ್ಲಕ್ಕ ದೇವ್ರು. ನಿನ್ ಲೆಕ್ಕುಕ್ಕೆ ಸೇರಿಸ್ಕೊ," ಅಂದು ನಕ್ಕಳು. ನನ್ನ ಎಣಿಕೆಯ ಅಭ್ಯಾಸ ಅವಳಿಗೂ ಗೊತ್ತು.

ಆ ಸಂಜೆ ದೀಪದ ಮುಂದೆ ಕೂತು ಎಣಿಸಲು ನೋಡಿದೆ. ಬಸ್ಸು ಸಿಕ್ಕಿತು, ಒಂದು. ಪುದೀನ ಚೆನ್ನಾಗಿತ್ತು, ಎರಡು. ಒಂಬತ್ತು ಬೆರಳಿನ ಹತ್ತಿರ ಬಂದಾಗ ನಾಲಿಗೆ ಏಳಲಿಲ್ಲ. ಉಪಕಾರ ಅಂತ ಅದಕ್ಕೆ ಕೈಮುಗಿಯಲು ನನಗಿನ್ನೂ ಆಗಿಲ್ಲ. ಮೇಷ್ಟ್ರು ಈಗ ನಾಗಮಂಗಲದಲ್ಲಿ ಹೊಸ ಶಿಬಿರ ಇಟ್ಟಿದ್ದಾರಂತೆ.

ಒಂದು ಮಾತ್ರ ಬದಲಾಗಿದೆ. ಅತ್ತೆಗೆ ಸರಿಕಾಣುವುದಿಲ್ಲ, ನೋಡಿಯೂ ನೋಡದ ಹಾಗೆ ಮುಖ ತಿರುಗಿಸುತ್ತಾರೆ. ಜಾರಿನಿಂದ ಬಗ್ಗಿಸಿದ ಮೊದಲ ಲೋಟವನ್ನು ಈಗ ನಾನು ಕುಡಿಯುತ್ತೇನೆ. ಬಾಯಲ್ಲಿ ತಿರುಗಿಸಿ, ಕಹಿ ಎಷ್ಟು, ಹುಳಿ ಎಷ್ಟು, ಇರಬಾರದ್ದು ಏನಾದರೂ ಇದೆಯೇ ಅಂತ ನೋಡಿ ನುಂಗುತ್ತೇನೆ. ಎರಡನೆಯದು ದೇವರ ಮುಂದೆ. ಎಂಜಲಾಯಿತು ಅಂತ ರಂಗನಾಥನಿಗೆ ಕೋಪ ಬಂದರೆ ಬರಲಿ. ನನಗೂ ಬಂದಿದೆ.